ಹಬ್ಬದ ದಿನಗಳಲ್ಲಿ ಸಿಹಿತಿಂಡಿ ಘಮದ ಟೀ: ಕುಡಿದು ನೋಡುವುದು ಹೇಗೆ

ಡಿಸೆಂಬರ್ ಬಂತು ಅಂದರೆ ಚಿಕ್ಕಮಗಳೂರಿನಲ್ಲಿ ಎಲ್ಲಿ ಹೋದರೂ ಕಾಫಿ ವಾಸನೆ. ತೋಟದಲ್ಲಿ ಅರೇಬಿಕಾ ಹಣ್ಣು ಕೊಯ್ಯುತ್ತಿರುತ್ತಾರೆ, ಕಣದಲ್ಲಿ ಬೀಜ ಒಣಗುತ್ತಿರುತ್ತದೆ, ಪೇಟೆಗೆ ಬಂದರೆ ಎಂ.ಜಿ. ರಸ್ತೆಯಲ್ಲಿ ಹುರಿಯುವ ಘಮ. ಇಂಥ ಊರಲ್ಲಿ ಕೂತು ಟೀ ಬಗ್ಗೆ ಬರೆಯುತ್ತಿದ್ದೇನೆ, ಬೇಕಂತಲೇ. ಯಾಕೆಂದರೆ ಈ ತಿಂಗಳಲ್ಲೇ ಬೆಂಗಳೂರಿಂದ, ಹೊರದೇಶದಿಂದ ರಜೆಗೆ ಬರುವ ನೆಂಟರು ಚಂದದ ಟೀ ಡಬ್ಬಿಗಳನ್ನು ತರುತ್ತಾರೆ. ಚಕ್ಕೆ-ಕಿತ್ತಳೆ ಟೀ, ವೆನಿಲಾ ಟೀ, ಕ್ಯಾರಮೆಲ್ ಟೀ, ಚಾಕಲೇಟ್ ಟೀ. ನಾವು ಏನು ಮಾಡುತ್ತೇವೆ? ಎಂದಿನ ಹಾಗೆ ಹಾಲು, ಸಕ್ಕರೆ ಹಾಕಿ ಚೆನ್ನಾಗಿ ಕುದಿಸುತ್ತೇವೆ, ಒಂದು ಗುಟುಕು ಕುಡಿದು "ಏನೋ ಸೆಂಟು ಹಾಕಿದ ಹಾಗಿದೆ" ಅಂತ ಡಬ್ಬಿಯನ್ನು ಅಟ್ಟಕ್ಕೆ ಎತ್ತಿಡುತ್ತೇವೆ. ಪಾಪ, ಆ ಟೀಗೆ ಒಂದು ಅವಕಾಶವೇ ಸಿಗಲಿಲ್ಲ ಅಲ್ವಾ?

ಮೊದಲು ಒಂದು ವಿಷಯ ಗೊತ್ತಿರಬೇಕು. ಈ ಟೀಗಳಲ್ಲಿ ಸಿಹಿ ಇರುವುದು ಮೂಗಿಗೆ, ನಾಲಿಗೆಗೆ ಅಲ್ಲ. ಕ್ಯಾರಮೆಲ್ ಅಂತ ಘಮ್ಮೆನ್ನುತ್ತದೆ, ಬಾಯಿಗೆ ಇಟ್ಟರೆ ಒಗರು. ಮೋಸ ಹೋದ ಹಾಗೆ ಅನಿಸುವುದು ಅಲ್ಲೇ. ನಂಬಿಕೆ ಬರದಿದ್ದರೆ ಹೀಗೆ ಮಾಡಿ: ಎರಡು ಏಲಕ್ಕಿ ಕಾಳು ತೆಗೆದುಕೊಳ್ಳಿ, ಮೂಗು ಬಿಗಿಯಾಗಿ ಹಿಡಿದುಕೊಂಡು ಜಗಿಯಿರಿ. ಸ್ವಲ್ಪ ಖಾರ, ಸ್ವಲ್ಪ ಕಹಿ, ಅಷ್ಟೇ. ಈಗ ಮೂಗು ಬಿಡಿ. ಇಡೀ ಪಾಯಸವೇ ನೆನಪಿಗೆ ಬರುತ್ತದೆ. ಏಲಕ್ಕಿಯ ಘಮ ಬಾಯಿಯ ಹಿಂದಿನಿಂದ ಮೂಗಿಗೆ ಏರಿದಾಗಲೇ ನಮಗೆ ಅದರ 'ರುಚಿ' ಗೊತ್ತಾಗುವುದು. ಸಿಹಿತಿಂಡಿ ಘಮದ ಟೀ ಕುಡಿಯುವುದು ಅಂದರೆ ಈ ದಾರಿಯನ್ನು ತೆರೆದಿಟ್ಟುಕೊಂಡು ಕುಡಿಯುವುದು.

ಹಾಗಾಗಿ ನಮ್ಮ ಊರಿನವರಿಗೆ ಮೊದಲ ಕಷ್ಟ ಕಾಫಿಯೇ. ಟೀ ರುಚಿ ನೋಡುವ ದಿನ ಅದಕ್ಕೆ ಒಂದು ಗಂಟೆ ಮೊದಲಿಂದ ಕಾಫಿ ಬೇಡ. ಅದೇ ಹೊತ್ತಿಗೆ ಮನೆಯಲ್ಲಿ ಊದುಬತ್ತಿ, ಒಗ್ಗರಣೆ ಕೂಡ ಬೇಡ. ಬೆಳಗ್ಗೆ ತಿಂಡಿ ಆಗಿ, ಮಧ್ಯಾಹ್ನದ ಅಡುಗೆ ಶುರುವಾಗುವ ಮೊದಲು, ಹತ್ತೂವರೆ ಹನ್ನೊಂದರ ಸುಮಾರು ಒಳ್ಳೆಯ ಹೊತ್ತು. ಸಂಜೆ ಮೇಲೆ ಮಾಡಿದರೆ ರಾತ್ರಿ ನಿದ್ದೆ ಬರಲ್ಲ. ಊಟದ ಜೊತೆಗೂ ಬೇಡ, ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹಿಡಿಯುವುದನ್ನು ಟೀ ಕಡಿಮೆ ಮಾಡುತ್ತದೆ.

ಡಬ್ಬಿ ಇಡುವ ಜಾಗದ ಬಗ್ಗೆಯೂ ಹೇಳಿಬಿಡುತ್ತೇನೆ. ಟೀ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಎರಡು ವರ್ಷದ ಹಿಂದೆ ಅತ್ತಿಗೆ ಪ್ರೀತಿಯಿಂದ ತಂದುಕೊಟ್ಟ ವೆನಿಲಾ ಟೀಯನ್ನು ನಾನು ಕಾಫಿ ಪುಡಿ ಡಬ್ಬಿಯ ಪಕ್ಕ, ಪೊಟ್ಟಣ ಸರಿಯಾಗಿ ಮುಚ್ಚದೆ ಇಟ್ಟಿದ್ದೆ. ಹದಿನೈದು ದಿನ ಬಿಟ್ಟು ತೆಗೆದರೆ ವೆನಿಲಾ ಎಲ್ಲೂ ಇಲ್ಲ, ಬರೀ ಚಿಕೋರಿ ವಾಸನೆ. ತುಂಬಾ ಬೇಜಾರಾಯಿತು. ಆಮೇಲಿಂದ ಟೀ ಡಬ್ಬಿಗಳಿಗೆ ಬೇರೆ ಕಪಾಟು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಂದೊಂದು ಬಗೆಗೂ ಒಂದೊಂದು. ಮಸಾಲೆ ಡಬ್ಬಿ ಇರುವ ಕಡೆಯೂ ಇಡಬೇಡಿ.

ಇನ್ನು ಯಾವುದನ್ನು ಕುಡಿಯುವುದು? ಒಂದು ಸಲಕ್ಕೆ ನಾಲ್ಕು ಬಗೆ ಸಾಕು. ಅದಕ್ಕಿಂತ ಜಾಸ್ತಿ ಆದರೆ ಮೂಗು ಸುಸ್ತಾಗುತ್ತದೆ, ಎಲ್ಲವೂ ಒಂದೇ ಥರ ಅನಿಸುತ್ತದೆ. ಹಗುರದಿಂದ ಗಾಢದ ಕಡೆಗೆ ಹೋಗಿ. ಕಾಶ್ಮೀರದ ಕಹ್ವಾ ಇದ್ದರೆ ಅದು ಮೊದಲು. ಗ್ರೀನ್ ಟೀಗೆ ಕೇಸರಿ, ಏಲಕ್ಕಿ, ಚಕ್ಕೆ, ಬಾದಾಮಿ ಸೇರಿಸಿದ್ದು, ನಮ್ಮ ಬಾದಾಮಿ ಹಾಲು ಕುಡಿದವರಿಗೆ ಕೂಡಲೇ ಒಗ್ಗುತ್ತದೆ. ಆಮೇಲೆ ವೆನಿಲಾ ಅಥವಾ ಕ್ಯಾರಮೆಲ್. ಆಮೇಲೆ ಚಾಕಲೇಟ್. ಚಕ್ಕೆ, ಲವಂಗ, ಕಿತ್ತಳೆ ಇರುವ ಕ್ರಿಸ್‌ಮಸ್ ಟೀ ಕೊನೆಗೆ. ಪುದೀನ ಇರುವುದು ಯಾವುದಾದರೂ ಇದ್ದರೆ ಅದನ್ನು ಬೇರೆ ದಿನ ಇಟ್ಟುಕೊಳ್ಳಿ, ಒಂದು ಗುಟುಕು ಪುದೀನ ಕುಡಿದ ಮೇಲೆ ಬೇರೇನೂ ಗೊತ್ತಾಗಲ್ಲ.

ಇದರ ಜೊತೆಗೆ ಐದನೆಯದಾಗಿ ಏನೂ ಬೆರೆಸದ ಸಾದಾ ಟೀ ಒಂದು ಲೋಟ ಮಾಡಿಕೊಳ್ಳಿ. ಇದನ್ನು ಬಿಡಲೇಬೇಡಿ. ಮುಂದೆ ನೋಡುವ ಎಲ್ಲಕ್ಕೂ ಇದೇ ಅಳತೆಗೋಲು. ನಮ್ಮಲ್ಲೇ ಬೆಳೆಯುವ ಟೀ ಸಿಕ್ಕರೆ ಇನ್ನೂ ಚಂದ: ಮೂಡಿಗೆರೆ ಕಡೆ ಕೊಟ್ಟಿಗೆಹಾರದ ಹತ್ತಿರ ಕೆಳಗೂರು ತೋಟ ಇದೆ, ಹಾಸನ ಜಿಲ್ಲೆಯ ಸಕಲೇಶಪುರದಲ್ಲಿ ಕಾಡುಮನೆ ತೋಟ ಇದೆ. ಕಾಫಿ ನಾಡಿನ ನಡುವೆಯೇ ಟೀ ಗುಡ್ಡಗಳಿವೆ ಅನ್ನುವುದು ನಮ್ಮವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅಳತೆ ಸುಲಭ. ಟೀ ರುಚಿ ನೋಡುವುದಕ್ಕೆ ಐಎಸ್‌ಒ 3103 ಅಂತ ಒಂದು ಅಂತರರಾಷ್ಟ್ರೀಯ ಪದ್ಧತಿಯೇ ಇದೆ. 100 ಮಿಲಿ ನೀರಿಗೆ 2 ಗ್ರಾಂ ಎಲೆ, 6 ನಿಮಿಷ ನೆನೆಸುವುದು. ಅದು ಟೀಗಳನ್ನು ಹೋಲಿಸಿ ನೋಡುವವರಿಗೆ ಮಾಡಿದ್ದು, ಮನೆಯಲ್ಲಿ ಕುಡಿಯುವುದಕ್ಕೆ ತುಂಬಾ ಕಡಕ್ ಆಗುತ್ತದೆ. ನಾನು ಒಂದು ಲೋಟಕ್ಕೆ, ಅಂದರೆ 150 ಮಿಲಿಗೆ, 2 ಗ್ರಾಂ ಹಾಕುತ್ತೇನೆ, ಸುಮಾರು ಒಂದು ಟೀ ಚಮಚ. ಮೂರರಿಂದ ನಾಲ್ಕು ನಿಮಿಷ. ಎಲ್ಲ ಲೋಟಕ್ಕೂ ಒಂದೇ ಅಳತೆ, ಒಂದೇ ಹೊತ್ತು. ಇಲ್ಲದಿದ್ದರೆ ಹೋಲಿಸಿ ನೋಡಿ ಏನು ಪ್ರಯೋಜನ? ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಮಾತಿಗೆ ಕೂತರೆ ನಾಲ್ಕು ನಿಮಿಷ ಹತ್ತಾಗುವುದು ಗೊತ್ತೇ ಆಗಲ್ಲ.

ಎಲೆಯನ್ನು ಕುದಿಸಬೇಡಿ. ನೀರನ್ನು ಮಾತ್ರ ಕುದಿಸಿ, ಒಲೆಯಿಂದ ಇಳಿಸಿ, ಎಲೆಯ ಮೇಲೆ ಹೊಯ್ದು ಮುಚ್ಚಿಡಿ. ಕುದಿಸಿದರೆ ಘಮ ಎಲ್ಲ ಹಬೆಯಲ್ಲಿ ಹೋಗಿ ಅಡುಗೆ ಮನೆಗೆ ಸೇರುತ್ತದೆ, ಲೋಟದಲ್ಲಿ ಒಗರು ಮಾತ್ರ ಉಳಿಯುತ್ತದೆ. ಪೊಟ್ಟಣದ ಮೇಲೆ 100 ಡಿಗ್ರಿ ಅಂತ ಬರೆದಿರಬಹುದು. ನಮ್ಮ ಊರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಇಲ್ಲಿ ನೀರು 96-97 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಬ್ಲಾಕ್ ಟೀಗೆ ನೀರು ಕೊತಕೊತ ಕುದಿಯುವಾಗಲೇ ಹೊಯ್ಯಬೇಕು, ಆರಲು ಬಿಡಬಾರದು. ಲೋಟವನ್ನೂ ಮೊದಲೇ ಬಿಸಿ ನೀರಲ್ಲಿ ತೊಳೆದಿಟ್ಟರೆ ಒಳ್ಳೆಯದು, ಡಿಸೆಂಬರಿನ ಚಳಿಗೆ ಲೋಟವೇ ತಣ್ಣಗಿರುತ್ತದೆ. ಕಹ್ವಾ, ಗ್ರೀನ್ ಟೀಗೆ ಮಾತ್ರ 80 ಡಿಗ್ರಿ ಸಾಕು. ಕುದಿದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಸಲ ಹೊಯ್ದರೆ ಹೆಚ್ಚುಕಡಿಮೆ ಅಲ್ಲಿಗೆ ಇಳಿಯುತ್ತದೆ. ಮತ್ತೆ, ಸ್ಟೀಲ್ ಲೋಟ ಬೇಡ. ಗಾಜು ಅಥವಾ ಪಿಂಗಾಣಿ ಇರಲಿ, ಬಣ್ಣವೂ ಕಾಣುತ್ತದೆ, ತುಟಿಯೂ ಸುಡಲ್ಲ.

ಈಗ ಕುಡಿಯುವುದು. ಮೊದಲ ಸುತ್ತಿನಲ್ಲಿ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಹೋದ ವರ್ಷ ಅಮ್ಮ ಇದಕ್ಕೇ ಗಲಾಟೆ ಮಾಡಿದರು. "ಸಕ್ಕರೆ ಇಲ್ದೆ ಯಾರು ಕುಡೀತಾರೆ ಕಣೆ ಇದನ್ನ?" "ಕುಡಿಬೇಡಮ್ಮ, ಮೊದಲು ಮೂಸಿ ನೋಡು." ಮುಚ್ಚಳ ತೆಗೆದ ಕೂಡಲೇ ಬರುವ ಹಬೆಗೆ ಮುಖ ಒಡ್ಡಿ, ಕಣ್ಣು ಮುಚ್ಚಿ, ಏನು ನೆನಪಾಗುತ್ತದೆ ಅಂತ ಹೇಳಿ. ಅಮ್ಮ ಕ್ಯಾರಮೆಲ್ ಟೀ ಮೂಸಿ ಒಂದು ನಿಮಿಷ ಸುಮ್ಮನಿದ್ದು, "ಆಲೆಮನೆ" ಅಂದರು. ಕೊಪ್ಪರಿಗೆಯ ಅಂಚಿಗೆ ಅಂಟಿಕೊಂಡು ಸ್ವಲ್ಪ ಸೀದ ಬೆಲ್ಲದ ವಾಸನೆ. ಎಷ್ಟು ಸರಿಯಾಗಿ ಹೇಳಿದರು! ಡಬ್ಬಿಯ ಮೇಲೆ ಬರೆದಿರುವ ಪದಗಳನ್ನು ಬಿಟ್ಟುಬಿಡಿ, ನಿಮ್ಮ ಮನೆಯ ಪದಗಳನ್ನೇ ಬಳಸಿ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ಮೊದಲೇ ತೋರಿಸಬೇಡಿ.

ಆಮೇಲೆ ಚಮಚದಲ್ಲಿ ತೆಗೆದು ಸೊರ್ ಅಂತ ಶಬ್ದ ಬರುವ ಹಾಗೆ ಹೀರಿ. ಬೇರೆ ದಿನ ಮಕ್ಕಳಿಗೆ ಹಾಗೆ ಕುಡಿಯಬೇಡ ಅಂತ ಹೇಳುತ್ತೇವೆ, ಇವತ್ತು ಹಾಗೇ ಕುಡಿಯಬೇಕು. ಟೀ ಜೊತೆ ಗಾಳಿ ಸೇರಿದರೆ ಘಮ ಬಾಯಿ ತುಂಬಾ ಹರಡಿ ಮೂಗಿಗೆ ಏರುತ್ತದೆ. ಟೀ ಕಂಪನಿಗಳಲ್ಲಿ ರುಚಿ ನೋಡುವವರು ಮಾಡುವುದೂ ಇದನ್ನೇ. ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಆ ಉಸಿರಿನಲ್ಲಿ ಏನು ಉಳಿದಿದೆ ಅಂತ ಗಮನಿಸಿ. ಪ್ರತಿ ಟೀ ಆದಮೇಲೂ ಉಗುರುಬೆಚ್ಚಗಿನ ನೀರು, ನಾಲ್ಕು ಕಾಳು ಮಂಡಕ್ಕಿ. ನಾಲಿಗೆ ಸ್ವಚ್ಛ ಆಗುತ್ತದೆ.

ಒಳ್ಳೆಯದು ಯಾವುದು, ಸುಮಾರಾದ್ದು ಯಾವುದು ಅಂತ ತಿಳಿಯುವುದಕ್ಕೆ ನನ್ನ ಹತ್ತಿರ ಇರುವ ಪರೀಕ್ಷೆ ಒಂದೇ: ಘಮದ ಕೆಳಗೆ ಟೀ ಇದೆಯಾ? ಸಾದಾ ಟೀಯ ಲೋಟಕ್ಕೆ ವಾಪಸ್ ಹೋಗಿ ಒಂದು ಗುಟುಕು ಕುಡಿದು ನೋಡಿ. ಅದರಲ್ಲಿರುವ ಒಗರು, ಬಾಯಿ ತುಂಬುವ ಗಟ್ಟಿತನ, ಚುರುಕು ಘಮದ ಟೀಯಲ್ಲೂ ಇರಬೇಕು. ಮೂಗಿಗೆ ಕೇಕು, ಬಾಯಲ್ಲಿ ಬಿಸಿ ನೀರು ಅನ್ನುವ ಹಾಗಿದ್ದರೆ ಆ ಡಬ್ಬಿಗೆ ಮತ್ತೆ ದುಡ್ಡು ಹಾಕಬೇಡಿ.

ವೆನಿಲಾ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ. 2003-04ರ ಸುಮಾರಿಗೆ ವೆನಿಲಾ ಬೆಲೆ ಆಕಾಶಕ್ಕೆ ಏರಿದಾಗ ಮಲೆನಾಡಿನಲ್ಲಿ ಎಷ್ಟೋ ಜನ ತೋಟದಲ್ಲಿ ಬಳ್ಳಿ ಹಬ್ಬಿಸಿದ್ದರು. ಇದು ಮೆಕ್ಸಿಕೋ ಕಡೆಯ ಗಿಡ, ಅಲ್ಲಿನ ಜೇನ್ನೊಣ ಇಲ್ಲಿಲ್ಲ, ಹಾಗಾಗಿ ಬೆಳಗ್ಗೆ ಬೆಳಗ್ಗೆಯೇ ಹೋಗಿ ಒಂದೊಂದು ಹೂವಿಗೂ ಕಡ್ಡಿಯಲ್ಲಿ ಪರಾಗ ಮುಟ್ಟಿಸಬೇಕಿತ್ತು. ಆಮೇಲೆ ಬೆಲೆ ಬಿತ್ತು, ಬಳ್ಳಿಗಳೂ ಹೋದವು. ಆದರೆ ಆಗ ಹದ ಮಾಡಿದ ಕೋಡನ್ನು ಮೂಸಿದವರು ಮನೆಯಲ್ಲಿ ಯಾರಾದರೂ ಇದ್ದರೆ ಅವರಿಗೇ ಲೋಟ ಕೊಡಿ. ನಿಜವಾದ ವೆನಿಲಾದಲ್ಲಿ ಒಣದ್ರಾಕ್ಷಿ, ಮರ, ಹಳೆಯ ಬೆಲ್ಲ ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ಎಸೆನ್ಸ್ ಹಾಕಿದ್ದು ಐಸ್‌ಕ್ರೀಮ್ ಥರ ಒಂದೇ ಸಲ ಬಂದು ಹೋಗಿಬಿಡುತ್ತದೆ.

ಪೊಟ್ಟಣ ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದಿ. ಸಕ್ಕರೆ ಹಾಕದಿದ್ದರೂ ಸಿಹಿ ಬಂತು ಅಂದರೆ ಅದರಲ್ಲಿ ಜ್ಯೇಷ್ಠಮಧು ಅಥವಾ ಸ್ಟೀವಿಯಾ ಇರುವ ಸಾಧ್ಯತೆ ಇದೆ. ಬಿಪಿ ಇರುವವರು ಜ್ಯೇಷ್ಠಮಧು ಇರುವುದನ್ನು ಜಾಸ್ತಿ ಕುಡಿಯಬಾರದು. ರೂಯ್‌ಬಾಸ್ ಅಂತ ಬರೆದಿದ್ದರೆ ಅದು ಟೀ ಗಿಡವೇ ಅಲ್ಲ, ದಕ್ಷಿಣ ಆಫ್ರಿಕಾದ ಒಂದು ಪೊದೆ. ಅದರಲ್ಲಿ ಕೆಫೀನ್ ಇಲ್ಲ, ಹಾಗಾಗಿ ರಾತ್ರಿ ಅಜ್ಜಿಗೂ ಕೊಡಬಹುದು.

ಎರಡನೇ ಸುತ್ತಿಗೆ ಸಿಹಿ ತನ್ನಿ. ಲೋಟದ ಒಳಗೆ ಅಲ್ಲ, ಪಕ್ಕದ ತಟ್ಟೆಯಲ್ಲಿ. ಒಂದು ಚೂರು ಕಚ್ಚಿ, ಅರ್ಧ ನುಂಗಿ, ಬಾಯಲ್ಲಿ ಇನ್ನೂ ಸಿಹಿ ಇರುವಾಗಲೇ ಟೀ ಹೀರಿ. ಮೂಗಿಗೆ ಮಾತ್ರ ಇದ್ದ ಸಿಹಿ ಆಗ ನಾಲಿಗೆಗೂ ಬರುತ್ತದೆ, ಟೀಯ ಒಗರು ತಿಂಡಿಯ ಜಿಡ್ಡನ್ನು ಕತ್ತರಿಸುತ್ತದೆ. ಸಕ್ಕರೆ ಬೆರೆಸಿದರೆ ಈ ಏರಿಳಿತ ಸಿಗಲ್ಲ. ಕ್ರಿಸ್‌ಮಸ್ ಹೊತ್ತಿಗೆ ನಮ್ಮ ಪಕ್ಕದ ಮನೆಯಿಂದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಬರುತ್ತದೆ, ಅದರಲ್ಲಿನ ಕಲ್ಕಲ್ ಅನ್ನುವ ಕರಿದ ಸಿಹಿತಿಂಡಿಗೆ ವೆನಿಲಾ ಟೀ ಹೇಳಿ ಮಾಡಿಸಿದ ಹಾಗಿರುತ್ತದೆ. ಪ್ಲಮ್ ಕೇಕಿಗೆ ಚಕ್ಕೆ-ಲವಂಗದ ಟೀ ಬೇಡ, ಎರಡರಲ್ಲೂ ಅದೇ ಮಸಾಲೆ; ಸಾದಾ ಟೀಯೇ ಚೆನ್ನ. ಕಾಯಿ ಹೋಳಿಗೆಗೆ ಚಾಕಲೇಟ್ ಟೀ ಹೊಂದುತ್ತದೆ, ತೆಂಗಿನಕಾಯಿಗೂ ಕೋಕೋಗೂ ತುಂಬಾ ಸ್ನೇಹ. ಮೈಸೂರು ಪಾಕ್ ಜೊತೆ ಮಾತ್ರ ಯಾವ ಘಮದ ಟೀಯೂ ನಿಲ್ಲಲಿಲ್ಲ, ತುಪ್ಪ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಹಾಲು ಕೊನೆಗೆ, ಉಳಿದದ್ದಕ್ಕೆ. ಚಾಕಲೇಟ್, ಕ್ಯಾರಮೆಲ್, ಮಸಾಲೆ ಟೀಗೆ ಎರಡು ಚಮಚ ಬಿಸಿ ಹಾಲು ಹಾಕಿ ನೋಡಿ. ಹಾಲಿನ ಪ್ರೋಟೀನು ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ, ಟೀ ಮೆತ್ತಗಾಗುತ್ತದೆ, ಘಮವೂ ಸ್ವಲ್ಪ ಇಳಿಯುತ್ತದೆ. ಕಹ್ವಾಗೆ ಬೇಡ. ದಾಸವಾಳ ಅಥವಾ ಹುಳಿ ಹಣ್ಣು ಇರುವ ಕೆಂಪು ಟೀಗಳಿಗೆ ಹಾಕಿದರೆ ಹಾಲು ಒಡೆಯುತ್ತದೆ.

ಡಬ್ಬಿ ತರುವ ನೆಂಟರು ಇಲ್ಲವಾ? ಮನೆಯಲ್ಲೇ ಮಾಡಿ. ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಚಾಕುವಿನಿಂದ ಹೆರೆದು ತೆಗೆಯಿರಿ, ಅದೇ ಕಹಿ. ಸಣ್ಣಗೆ ಹೆಚ್ಚಿ, ಕೈಯಲ್ಲಿ ಮುರಿದರೆ ಪಟ್ ಅನ್ನುವವರೆಗೆ ಒಣಗಿಸಿ. ಸ್ವಲ್ಪ ಹಸಿ ಉಳಿದರೂ ಬೂಷ್ಟು ಹಿಡಿಯುತ್ತದೆ. 100 ಗ್ರಾಂ ಟೀಗೆ ಎರಡು ದೊಡ್ಡ ಚಮಚ ಸಿಪ್ಪೆ, ಎರಡು ಬೆರಳುದ್ದ ಚಕ್ಕೆ ಮುರಿದು, ನಾಲ್ಕು ಲವಂಗ ಜಜ್ಜಿ ಬೆರೆಸಿ, ಮುಚ್ಚಿ ಒಂದು ವಾರ ಬಿಡಿ. ದಿನಕ್ಕೊಮ್ಮೆ ಡಬ್ಬಿ ಅಲುಗಾಡಿಸಿ. ಕ್ರಿಸ್‌ಮಸ್ ಕಳೆದ ಮೇಲೆ ಕೊಡಗಿನ ಕಿತ್ತಳೆ ತಂದು ಸಿಪ್ಪೆ ಒಣಗಿಸಲು ಇಟ್ಟರೂ ಸಂಕ್ರಾಂತಿಯ ಹೊತ್ತಿಗೆ ಟೀ ತಯಾರಾಗಿರುತ್ತದೆ, ಎಳ್ಳುಬೆಲ್ಲ ಬೀರಲು ಬಂದವರಿಗೆ ಕೊಡಬಹುದು. ಹೋಳಿಗೆ ಘಮ ಬೇಕಾದರೆ ಏಲಕ್ಕಿ, ಒಂದು ಚಿಟಿಕೆ ಜಾಯಿಕಾಯಿ, ಕೆಂಪಗೆ ಹುರಿದ ಕೊಬ್ಬರಿ ತುರಿ. ಆದರೆ ಕೊಬ್ಬರಿಯನ್ನು ಡಬ್ಬಿಗೆ ಹಾಕಿಡಬೇಡಿ, ನಾಲ್ಕು ದಿನಕ್ಕೆ ಎಣ್ಣೆ ಕಮಟು ಬರುತ್ತದೆ. ಟೀ ಮಾಡುವಾಗಲೇ ಅರ್ಧ ಚಮಚ ಹುರಿದು, ಬಿಸಿ ಇರುವಾಗಲೇ ಎಲೆಯ ಜೊತೆ ಹಾಕಿ ನೀರು ಹೊಯ್ಯಿರಿ. ಸೋಸುವಾಗ ಬಟ್ಟೆ ಬಳಸಿ, ಜರಡಿಯಲ್ಲಿ ತುರಿಯ ಚೂರು ನಿಲ್ಲಲ್ಲ.