ಅಳತೆ ಬ್ಲೌಸಿನ ಜೊತೆ ಒಂದು ಪುಸ್ತಕ

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಲ್ಲಿ ನನ್ನದು ಹೊಲಿಗೆ ಅಂಗಡಿ. ಅದರ ಒಂದು ಗೋಡೆಗೆ ಪುಸ್ತಕದ ಕಪಾಟು ಇಟ್ಟು ಎಂಟು ವರ್ಷ ಆಯಿತು. "ಬಟ್ಟೆ ಹೊಲಿಸೋಕೆ ಬಂದವರು ಪುಸ್ತಕ ಒಯ್ತಾರಾ? ಒಯ್ದರೂ ಓದ್ತಾರಾ? ಓದಿದರೂ ವಾಪಸ್ ಕೊಡ್ತಾರೇನಮ್ಮ?" ಅಂತ ಆಗ ಕೇಳಿದ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಹೋದ ತಿಂಗಳು ಅವರೇ ಬಂದು ಕೂತು ನನ್ನ ರಿಜಿಸ್ಟರ್ ಪೂರ್ತಿ ನೋಡಿದರು. ನಮ್ಮೂರಿನ ಸಂಘದಲ್ಲೂ ಹೀಗೇ ಮಾಡ್ತೀವಿ ಅಂದರು. ಆ ಖುಷಿಗೆ ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲೋ ಅಂಗಡಿಯಲ್ಲೋ ಪುಸ್ತಕ ಇಟ್ಟು ಜನರಿಗೆ ಕೊಡುವವರು ನಿಮ್ಮಲ್ಲೂ ಸುಮಾರು ಜನ ಇದ್ದೀರಿ. ನಂಬರ್ ಹಾಕೋದು, ಹೆಸರು ಬರೆದುಕೊಳ್ಳೋದು ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ಉಳಿದದ್ದು ಹೇಳುತ್ತೇನೆ.

ಮೊದಲ ವರ್ಷ 60 ಪುಸ್ತಕ, ಹೆಚ್ಚುಕಮ್ಮಿ 4,500 ರೂಪಾಯಿ ಹಾಕಿದೆ. ಪುಕ್ಕಟೆ ಕೊಟ್ಟೆ. ವರ್ಷ ತುಂಬುವಾಗ 22-23 ಪುಸ್ತಕ ವಾಪಸ್ ಬಂದಿರಲಿಲ್ಲ. ಎರಡನೇ ವರ್ಷ ತಿಂಗಳಿಗೆ 30 ರೂಪಾಯಿ ಚಂದಾ ಮಾಡಿದೆ. ಹನ್ನೊಂದು ಜನ ಸೇರಿದರು. ಅಡಿಕೆ ಕೊಯ್ಲು ಶುರುವಾದದ್ದೇ ನಾಲ್ಕಕ್ಕೆ ಇಳಿಯಿತು. ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿಯುವ ಹೆಂಗಸರಿಗೆ ಪುಸ್ತಕ ಹಿಡಿಯಲು ಪುರಸೊತ್ತು ಎಲ್ಲಿರುತ್ತೆ? ಆಮೇಲೆ ತಿಂಗಳಿಗೊಂದು ಸಭೆ. ಚಾ, ಅವಲಕ್ಕಿ, ಕುರ್ಚಿ ಬಾಡಿಗೆ ಅಂತ ಸಭೆಗೆ ಆರುನೂರು ರೂಪಾಯಿ ಕೈಯಿಂದ ಹೋಗುತ್ತಿತ್ತು. ಬಂದವರಲ್ಲಿ ಇಬ್ಬರೇ ಮಾತಾಡುತ್ತಿದ್ದರು, ಉಳಿದವರು ಕೇಳಿಕೊಂಡು ಹೋಗುತ್ತಿದ್ದರು. ವಾಟ್ಸಾಪ್ ಗುಂಪು ಮಾಡಿದೆ. ಒಬ್ಬರು ಪುಸ್ತಕದ ಬಗ್ಗೆ ಬರೆದರೆ ಅದರ ಮೇಲೆ ಹತ್ತು ಶುಭೋದಯ. ಮೂರು ತಿಂಗಳಿಗೆ ಮುಚ್ಚಿದೆ.

ದಾರಿ ಸಿಕ್ಕಿದ್ದು ರಿಜಿಸ್ಟರ್‌ನಲ್ಲಿ. ಒಂದು ಮಧ್ಯಾಹ್ನ ಕರೆಂಟ್ ಇರಲಿಲ್ಲ, ಹೊಲಿಗೆ ನಿಂತಿತ್ತು. ವಾಪಸ್ ಬಂದ ಪುಸ್ತಕ ಯಾರ್‍ಯಾರು ತಂದವರು ಅಂತ ಸುಮ್ನೆ ಗುರುತು ಹಾಕುತ್ತಾ ಹೋದೆ. ಹತ್ತಕ್ಕೆ ಒಂಬತ್ತು ಜನ ಬಟ್ಟೆ ಕೊಟ್ಟು ಹೋದ ದಿನವೇ ಪುಸ್ತಕ ಒಯ್ದವರು. ರವಿಕೆ ತಗೊಳ್ಳಲು ಬರಲೇಬೇಕಲ್ವಾ, ಬರುವಾಗ ಪುಸ್ತಕವೂ ಬಂದಿತ್ತು. ಅವತ್ತಿನಿಂದ ಬಟ್ಟೆ ಕೊಟ್ಟವರಿಗೆ ಮಾತ್ರ ಪುಸ್ತಕ. ಅಳತೆ ಬ್ಲೌಸಿಗೆ ಪಿನ್ ಮಾಡುವ ಚೀಟಿಯಲ್ಲೇ ಪುಸ್ತಕದ ನಂಬರ್ ಬರೆಯುತ್ತೇನೆ. ಎಂಟು-ಹತ್ತು ದಿನ ಸಿಗುತ್ತೆ. ಮುಗಿದಿಲ್ಲ ಅಂದರೆ ಫಾಲ್ ಹಾಕಲು ಒಂದು ಸೀರೆ ಕೊಟ್ಟು ಹೋಗುತ್ತಾರೆ, ಮತ್ತೆ ಎಂಟು ದಿನ. ಈಗ ವರ್ಷಕ್ಕೆ ಕಳೆಯುವುದು ಮೂರೋ ನಾಲ್ಕೋ.

ಆದರೆ ವಾಪಸ್ ಬಂದ ಪುಸ್ತಕ ಓದಿದ ಪುಸ್ತಕ ಆಗಬೇಕಲ್ಲ. ಅದಕ್ಕೆ ಪ್ರತಿ ಪುಸ್ತಕದ ಹಿಂದೆ ನಾಲ್ಕು ಬಿಳಿ ಹಾಳೆ ಸೇರಿಸಿ ಕೈಯಲ್ಲೇ ಹೊಲಿದೆ. ಎರಡು ಸಾಲು ಅಭಿಪ್ರಾಯ ಬರೆದವರಿಗೆ ಬಾಡಿಗೆ ಇಲ್ಲ, ಬರೆಯದಿದ್ದರೆ 10 ರೂಪಾಯಿ. ಎಲ್ಲರೂ ಬರೆದರು. ಏನಂತ? "ಚೆನ್ನಾಗಿದೆ." "ತುಂಬಾ ಚೆನ್ನಾಗಿದೆ." ಆರು ತಿಂಗಳು ಇದೇ ಆಯಿತು. ನನಗೆ ಅಳು ಬರುವುದೊಂದು ಬಾಕಿ.

ಪ್ರಶ್ನೆ ಬದಲಿಸಿದೆ. ಹೇಗಿದೆ ಅಂತ ಕೇಳುವುದೇ ಬಿಟ್ಟೆ. "ಯಾವ ಪುಟದಲ್ಲಿ ಪುಸ್ತಕ ಕೆಳಗಿಟ್ಟಿರಿ? ಯಾಕೆ?" ಅಂತ ಹಾಳೆಯ ಮೇಲೆ ಬರೆದಿಟ್ಟೆ. ಎಲ್ಲ ಬದಲಾದದ್ದು ಅಲ್ಲಿಂದ. "ಪುಟ 41. ಹಾಲು ಉಕ್ಕಿ ಒಲೆ ಆರಿತು" ಅಂತ ಒಬ್ಬರು. "ಪುಟ 12. ಇವರು ಅಡುಗೆಮನೆ ಕಂಡವರಲ್ಲ, ಅನ್ನ ಬಸಿಯೋದು ಹೀಗಲ್ಲ" ಅಂತ ಇನ್ನೊಬ್ಬರು. ಹಿಂದಿನವರ ಅಕ್ಷರ ನೋಡಿ ಮುಂದಿನವರು ಪುಸ್ತಕ ಆರಿಸಲು ಶುರು ಮಾಡಿದರು. ಪತ್ರಿಕೆಯಲ್ಲಿ ಬಂದ ವಿಮರ್ಶೆ ಕತ್ತರಿಸಿ ಅಂಟಿಸಿಯೂ ನೋಡಿದ್ದೆ, ಅದನ್ನು ಯಾರೂ ಓದಲಿಲ್ಲ. ಪಕ್ಕದ ಮನೆಯಾಕೆ ಎಲ್ಲಿ ಪುಸ್ತಕ ಇಟ್ಟಳು ಅಂತ ನೋಡುವ ಕುತೂಹಲವೇ ಬೇರೆ.

ಈಗ ಜನ ಏನು ಓದುತ್ತಿದ್ದಾರೆ ಅಂದರೆ ಆ ಹಾಳೆಗಳನ್ನೇ ತೆಗೆದು ತೋರಿಸಬೇಕು. ತೇಜಸ್ವಿಯವರ 'ಕರ್ವಾಲೊ' 1980ರದ್ದು, ನನ್ನಲ್ಲಿ ಎರಡನೇ ಪ್ರತಿ ಸವೆದು ಮೂರನೆಯದು ಓಡುತ್ತಿದೆ. ಅದರಲ್ಲಿ ತೋಟದ ಗೌಡರೊಬ್ಬರು ಬರೆದರು: "ಹಾರುವ ಓತಿ ನಮ್ಮ ಅಡಿಕೆ ಮರದಲ್ಲಿ ದಿನಾ ಕಾಣುತ್ತೆ. ಇದಕ್ಕೆ ಇಷ್ಟು ಹುಡುಕಾಟ ಯಾಕೆ?" ಕೆಳಗೆ ಹೈಸ್ಕೂಲ್ ಹುಡುಗನ ಅಕ್ಷರ: "ನಮ್ಮ ತೋಟದಲ್ಲೂ ಇದೆ. ನಾನು ನೋಡಿದ್ದು ಮಾತ್ರ ಇದನ್ನು ಓದಿದ ಮೇಲೆ." ಅದನ್ನು ಓದಿ ಗೌಡರು ಪುಸ್ತಕ ಮತ್ತೆ ಒಯ್ದರು.

ಬಾಲವಿಧವೆಯೊಬ್ಬಳ ಕತೆ ಹೇಳುವ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನ ಹಿಂದೆ ಜಗಳವೇ ನಡೆದಿದೆ. ಒಬ್ಬ ಅಜ್ಜಿ ಮೊಮ್ಮಗಳ ಕೈಯಲ್ಲಿ ಬರೆಸಿದರು: "ನಮ್ಮ ದೊಡ್ಡತ್ತೆ ಹೀಗೇ ಇದ್ದರು. ಅವರ ಮನಸ್ಸಲ್ಲಿ ಏನಿತ್ತು ಅಂತ ನಾವ್ಯಾರೂ ಕೇಳಲಿಲ್ಲ." ಕಾಲೇಜು ಹುಡುಗಿ ಬರೆದಳು: "ಇಷ್ಟು ಸಹಿಸಬಾರದಿತ್ತು, ಮಾತಾಡಬೇಕಿತ್ತು." ಅದಕ್ಕೆ ಇನ್ನೊಬ್ಬರು: "ಕೊನೆಗೆ ಮಾತಾಡಿದ್ದಾಳಲ್ಲ, ಸರಿಯಾಗಿ ಓದು." ನಾನು ಒಂದು ಸಾಲೂ ತಿದ್ದುವುದಿಲ್ಲ. ಹಾಳೆ ತುಂಬಿದರೆ ಇನ್ನೆರಡು ಹೊಲಿಯುತ್ತೇನೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ "ಆ ಪ್ರಶಸ್ತಿ ಬಂದ ಪುಸ್ತಕ ಇದೆಯಾ ಅಕ್ಕ?" ಅಂತ ಹದಿನೇಳು ಜನ ಹೆಸರು ಬರೆಸಿದರು. ಅವರು ಶಿವಮೊಗ್ಗದಲ್ಲಿ ಶಾಲೆ ಕಲಿತವರು, ನಮ್ಮ ಜಿಲ್ಲೆಗೂ ಅದರಲ್ಲಿ ಪಾಲಿದೆ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪ್ರಶಸ್ತಿ ಬಂದದ್ದು ಇಂಗ್ಲಿಷ್ ಅನುವಾದಕ್ಕೆ, ನಾನು ಅವರ ಕನ್ನಡದ ಕತೆಗಳ ಎರಡು ಪ್ರತಿ ತರಿಸಿದೆ. ಪ್ರಶಸ್ತಿಯ ಪುಸ್ತಕ, ಕಷ್ಟ ಇರುತ್ತೆ ಅಂತ ಹೆದರಿದ್ದವರೇ ಜಾಸ್ತಿ. "ಪುಟ 30. ಆ ಗಂಡನ ಮೇಲೆ ಸಿಟ್ಟು ಬಂದು ಇಟ್ಟೆ, ಮಜ್ಜಿಗೆ ಕುಡಿದು ಮತ್ತೆ ತೆಗೆದೆ." "ಒಂದು ಸಲಕ್ಕೆ ಎರಡು ಕತೆ ಸಾಕು, ಎದೆ ಭಾರ ಆಗುತ್ತೆ." ನನಗೂ ಹಾಗೇ ಆಗಿತ್ತು.

ಸಾಗರದ ನಾ. ಡಿಸೋಜ ಅದೇ ವರ್ಷ ಜನವರಿಯಲ್ಲಿ ತೀರಿಕೊಂಡರು. ಆಮೇಲೆ ಮುಳುಗಡೆಯ ಕತೆ ಹೇಳುವ ಅವರ 'ದ್ವೀಪ' ಒಂದು ದಿನವೂ ಕಪಾಟಿನಲ್ಲಿ ನಿಂತಿಲ್ಲ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ಹೊಸನಗರ, ಸಾಗರ ಎರಡೂ ತಾಲ್ಲೂಕಿನಲ್ಲಿ ಮುಳುಗಡೆಯಿಂದ ಎದ್ದು ಬಂದ ಮನೆಗಳು ತುಂಬಾ ಇವೆ. ಒಬ್ಬ ಅಜ್ಜ ಸೊಸೆಯ ಜೊತೆ ಬಂದು ಆ ಪುಸ್ತಕ ಒಯ್ದರು. ವಾಪಸ್ ಬಂದಾಗ ಹಾಳೆಯಲ್ಲಿ ಪುಟದ ನಂಬರ್ ಇರಲಿಲ್ಲ, ಅಭಿಪ್ರಾಯವೂ ಇರಲಿಲ್ಲ. ನೀರಲ್ಲಿ ಹೋದ ತಮ್ಮ ಊರಿನ ಹೆಸರನ್ನು ಪೆನ್ಸಿಲ್‌ನಲ್ಲಿ ದಪ್ಪಗೆ ಬರೆದಿದ್ದರು, ಅಷ್ಟೇ. ಅದರ ಕೆಳಗೆ ಈಗ ಬೇರೆ ಬೇರೆ ಕೈಬರಹದಲ್ಲಿ ಇನ್ನೂ ಐದು ಊರಿನ ಹೆಸರಿದೆ. ಆ ಪ್ರತಿ ಹರಿದರೂ ನಾನು ಬದಲಿಸುವುದಿಲ್ಲ.

ಬೂಷ್ಟಿನ ವಿಷಯ ಹೇಳದಿದ್ದರೆ ಮಲೆನಾಡಿನವರು ಬಿಡುವುದಿಲ್ಲ. ಮೊದಲು ಪ್ಲಾಸ್ಟಿಕ್ ರಟ್ಟು ಹಾಕಿಸಿದೆ, ಸಾವಿರ ರೂಪಾಯಿ ಹತ್ತಿರ ಆಯಿತು. ಆಷಾಢ ಮುಗಿಯುವಾಗ ಒಳಗೆ ಬೆವರಿ ಬೂಷ್ಟು ಹಿಡಿದು ಮೂವತ್ತು ಪುಸ್ತಕ ಹಾಳಾದವು. ಈಗ ಉಳಿದ ಲೈನಿಂಗ್ ಬಟ್ಟೆಯಲ್ಲೇ ಕವರ್ ಹೊಲಿಯುತ್ತೇನೆ. ಒಂದಕ್ಕೆ ಹತ್ತು ನಿಮಿಷ, ಖರ್ಚು ನೂಲಿನದ್ದು ಮಾತ್ರ. ಗಾಳಿ ಆಡುತ್ತೆ, ತೊಳೆಯಬಹುದು. ಪ್ರತಿ ಸಾಲಿನ ಹಿಂದೆ ಬಜೆ ಬೇರಿನ ತುಂಡು ಇಟ್ಟಿದ್ದೇನೆ, ಹುಳ ಕಡಿಮೆ. ಬಟ್ಟೆಯನ್ನು ಹೊಲಿಯುವ ಮೊದಲು ಒಂದು ನೀರಲ್ಲಿ ಅದ್ದುತ್ತೇನೆ. ಆ ನೀರಿಗೆ ಏನು ಹಾಕುತ್ತೇನೆ ಅನ್ನೋದು ನಮ್ಮ ಅಮ್ಮನ ಕೈಗುಟ್ಟು, ಅದು ನನ್ನಲ್ಲೇ ಇರಲಿ. ಹಳೇ ಪುಸ್ತಕ ಅಗ್ಗದಲ್ಲಿ ಎಲ್ಲಿ ಸಿಗುತ್ತೆ ಅನ್ನೋದೂ ಅಷ್ಟೇ.

ಇನ್ನೊಂದು ಪ್ರಯೋಗ ಮಾಡಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಿಂದ ಇದೆ, ಅವರ ಊರು ಕುಪ್ಪಳಿ ನಮಗೆ ಪಕ್ಕದ ತಾಲ್ಲೂಕು. ಆದರೂ ಅದರ ದಪ್ಪ ನೋಡಿ ಎಲ್ಲರೂ ವಾಪಸ್ ಇಡುತ್ತಿದ್ದರು. ಒಂದು ಹಳೇ ಪ್ರತಿ ಬಿಚ್ಚಿಸಿ ಮೂರು ಭಾಗ ಮಾಡಿ ಬೈಂಡ್ ಮಾಡಿಸಿದೆ, 240 ರೂಪಾಯಿ. ಪುಸ್ತಕ ಕಡಿದಿದ್ದಕ್ಕೆ ಮೇಷ್ಟ್ರು ಬೈದರು. ಅದಕ್ಕೂ ಮೊದಲು ಆರು ವರ್ಷದಲ್ಲಿ ಅದನ್ನು ಪೂರ್ತಿ ಓದಿದವರು ಇಬ್ಬರು. ಭಾಗ ಮಾಡಿದ ಮೇಲೆ ಎರಡೇ ಮಳೆಗಾಲಕ್ಕೆ ಹತ್ತೊಂಬತ್ತು ಜನ. ಗುತ್ತಿಯ ನಾಯಿ 'ಹುಲಿಯ' ಹೊಳೆ ಪಾಲಾದ ಪುಟದಲ್ಲಿ ಪುಸ್ತಕ ಕೆಳಗಿಟ್ಟವರೇ ಏಳು ಜನ ಇದ್ದಾರೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಇವತ್ತಿನವರೆಗೆ 38-40 ಸಾವಿರ ಹಾಕಿದ್ದೇನೆ. ಕಪಾಟಿನಲ್ಲಿ 430 ಪುಸ್ತಕ ಇವೆ. ಬಾಡಿಗೆಯಿಂದ ಬಂದದ್ದು ಎರಡು ಸಾವಿರವೂ ಇಲ್ಲ. ಆದರೆ ಪುಸ್ತಕಕ್ಕೆ ಅಂತ ಬಂದು ಬಟ್ಟೆ ಕೊಡುವ ಮನೆಗಳು ಹತ್ತಿರ ಹತ್ತಿರ ನಲವತ್ತು ಜಾಸ್ತಿ ಆಗಿವೆ. ಹುಂಚದ ಕಡೆಯಿಂದಲೂ ಬರುತ್ತಾರೆ.

ಮದುಮಗಳು ಮೂರನೇ ಭಾಗ ಕೇಳಿಕೊಂಡು ನಿನ್ನೆ ಒಬ್ಬರು ಎರಡನೇ ಸಲ ಬಂದಿದ್ದರು. ಅದು ಕೋಡೂರಿನ ಒಬ್ಬ ಅಕ್ಕನ ಹತ್ತಿರ ಇದೆ. ಅವರ ರವಿಕೆಗೆ ಕೈಹೊಲಿಗೆ ಮಾತ್ರ ಬಾಕಿ. ಶುಕ್ರವಾರ ಬನ್ನಿ ಅಂತ ಇಬ್ಬರಿಗೂ ಹೇಳಿದ್ದೇನೆ.