ಹೊರಗಿನ ಬಂಡಲ್‌ಗೆ ಅನುಮತಿ ಬರೆದೊಡನೆ ನಮ್ಮವೇ ನಿಂತವು: ನನ್ನ ಅನುಭವ

ಚಿಕ್ಕಮಗಳೂರಿನ ಕಾಫಿ ಗೋದಾಮೊಂದರ ತೂಕದ ತಂತ್ರಾಂಶ ಓಎಸ್‌ಜಿಐ ಮೇಲೆ ನಡೆಯುತ್ತದೆ; ಅಂದರೆ ಜಾವಾ ತಂತ್ರಾಂಶವನ್ನು ಬಂಡಲ್ ಎಂಬ ಬಿಡಿ ಭಾಗಗಳಾಗಿ ಜೋಡಿಸಿ ಓಡಿಸುವ ವ್ಯವಸ್ಥೆ. ಫ್ರೇಮ್‌ವರ್ಕ್ ಅಪಾಚೆ ಫೀಲಿಕ್ಸ್, ಜಾವಾ 17. ತಕ್ಕಡಿಯಿಂದ ತೂಕ ಓದುವ ಬಂಡಲ್ ಮಾತ್ರ ಹೊರಗಿನವರದು. ಅದಕ್ಕೆಂದು ಕಂಡೀಷನಲ್ ಪರ್ಮಿಷನ್ ಅಡ್ಮಿನ್‌ನಲ್ಲಿ (ಯಾವ ಬಂಡಲ್ ಏನು ಮಾಡಬಹುದೆಂಬ ಪಟ್ಟಿ ಇಡುವ ಓಎಸ್‌ಜಿಐ ಸೇವೆ) ಒಂದೇ ಸಾಲು ಬರೆದು ಕಮಿಟ್, ಅಂದರೆ ಜಾರಿ, ಮಾಡಿದ್ದೇ ತಡ, ನಮ್ಮ ಬಂಡಲ್‌ಗಳಲ್ಲೆಲ್ಲ ಆಕ್ಸೆಸ್ ಕಂಟ್ರೋಲ್ ಎಕ್ಸೆಪ್ಷನ್, ಅಂದರೆ ಅನುಮತಿ ಇಲ್ಲವೆಂಬ ತಪ್ಪು.

ಪಟ್ಟಿ ಖಾಲಿ ಇರುವಾಗ ಎಲ್ಲರಿಗೂ ಎಲ್ಲ ಅನುಮತಿ. ಒಂದು ಸಾಲು ಬಿತ್ತೆಂದರೆ, ಯಾವ ಸಾಲಿಗೂ ಹೊಂದದ ಬಂಡಲ್‌ಗೆ ಏನೂ ಇಲ್ಲ.

ಹಾಗಾಗಿ ಎರಡು ಫೋಲ್ಡರ್ ಮಾಡಿ, ಬಂಡಲ್ ಎಲ್ಲಿಂದ ಬಂತೆಂದು ನೋಡುವ ಲೊಕೇಷನ್ ಕಂಡೀಷನ್ ಹಾಕಿದೆ. ನಮ್ಮ ಫೋಲ್ಡರಿಗೆ ಆಲ್ ಪರ್ಮಿಷನ್. ಹೊರಗಿನದಕ್ಕೆ ಸೀರಿಯಲ್ ಪೋರ್ಟಿನ ಫೈಲಿಗೆ ರೀಡ್, ರೈಟ್. ನೇಟಿವ್ ಲೈಬ್ರರಿಗೆ (ಜಾವಾ ಅಲ್ಲದ ಕೋಡು) ಲೋಡ್‌ಲೈಬ್ರರಿ. ಬೇಕಾದ ಪ್ಯಾಕೇಜಿಗೆ ಇಂಪೋರ್ಟ್. ತೂಕದ ಸರ್ವೀಸಿಗೆ ರಿಜಿಸ್ಟರ್. ಕಮಿಟ್ ಫಾಲ್ಸ್ ಕೊಟ್ಟರೆ ನಡುವೆ ಬೇರೆ ಯಾರೋ ಪಟ್ಟಿ ಬದಲಿಸಿದ್ದಾರೆಂದು ಅರ್ಥ. ಪಟ್ಟಿಯ ಹೊಸ ಪ್ರತಿ (ಅಪ್‌ಡೇಟ್) ತೆಗೆದುಕೊಂಡು ಮತ್ತೆ ಮಾಡಬೇಕು.

ಆಮೇಲೂ ಲಾಗ್ ಬರೆಯುವಾಗ ತಪ್ಪು ಬಂತು, ಅದೂ ನಮ್ಮ ಕೋಡಿನೊಳಗೆ! ಪರೀಕ್ಷೆ ನಡೆಯುವುದು ಕರೆ ಬಂದ ದಾರಿಯ ಎಲ್ಲ ಬಂಡಲ್‌ಗಳ ಮೇಲೆ. ಕರೆದದ್ದು ಹೊರಗಿನದು, ಅದಕ್ಕೆ ಲಾಗ್ ಫೈಲಿನ ಹಕ್ಕಿಲ್ಲ. ಹಕ್ಕು ಹೆಚ್ಚಿಸುವುದು ಖಂಡಿತ ಸರಿಯಲ್ಲ. ನಮ್ಮ ಕೋಡಿನ ಆ ಭಾಗವನ್ನಷ್ಟೇ ಡೂಪ್ರಿವಿಲೇಜ್ಡ್ (doPrivileged) ಒಳಗೆ ಇಟ್ಟೆ; ಅಲ್ಲಿ ಕರೆದವರ ಹಕ್ಕು ನೋಡದೆ ನಮ್ಮ ಹಕ್ಕನ್ನಷ್ಟೇ ನೋಡುತ್ತದೆ.

ಜಾವಾ 24ರಲ್ಲಿ ಈ ಪರೀಕ್ಷೆಗಳಿಗೆ ಆಧಾರವಾದ ಸೆಕ್ಯುರಿಟಿ ಮ್ಯಾನೇಜರನ್ನೇ ಶಾಶ್ವತವಾಗಿ ನಿಷ್ಕ್ರಿಯಗೊಳಿಸಿದ್ದಾರೆ. ಅಲ್ಲಿಗೆ ಹೋಗುವವರು ಈ ಬಂಡಲನ್ನು ಬೇರೆ ಪ್ರೊಸೆಸ್ಸಿನಲ್ಲಿ, ಬೇರೆ ಯೂಸರ್ ಹೆಸರಲ್ಲಿ ಓಡಿಸಬೇಕಾಗುತ್ತದೆ.