78 ಆರ್‌ಪಿಎಂ ಪ್ಲೇಟುಗಳನ್ನು ಇವತ್ತಿನ ಟರ್ನ್‌ಟೇಬಲ್‌ನಲ್ಲಿ ಚೆನ್ನಾಗಿ ಕೇಳುವುದು ಹೇಗೆ

78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಪ್ಲೇಟು ಅಂದರೆ ಬರೀ ಕರಕರ, ಅದರ ಹಿಂದೆ ಎಲ್ಲೋ ದೂರದಲ್ಲಿ ಒಂದು ಹಾಡು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಆ ಕರಕರದಲ್ಲಿ ದೊಡ್ಡ ಪಾಲು ಪ್ಲೇಟಿನದಲ್ಲ. ತಪ್ಪು ಮುಳ್ಳು, ತಪ್ಪು ವೇಗ, ಗೆರೆಯೊಳಗೆ ಕೂತ ಹಳೆ ಕೊಳೆ, ಈ ಮೂರನ್ನು ಸರಿಮಾಡಿದರೆ 80-90 ವರ್ಷದ ಹಿಂದೆ ಹಾಡಿದವರು ಸಾಲಿನ ನಡುವೆ ಉಸಿರು ತೆಗೆದುಕೊಳ್ಳುವುದು ಕೂಡ ಎಷ್ಟೋ ಪ್ಲೇಟುಗಳಲ್ಲಿ ಕೇಳಿಸುತ್ತದೆ. ಪ್ಲೇಟಿನ ಆರೋಗ್ಯಕ್ಕೂ ಹಳೆ ಗ್ರಾಮಫೋನಿಗಿಂತ ಇವತ್ತಿನ ಟರ್ನ್‌ಟೇಬಲ್ಲೇ ಒಳ್ಳೆಯದು. ಗ್ರಾಮಫೋನಿನ ಸೌಂಡ್‌ಬಾಕ್ಸ್, ಅಂದರೆ ಮುಳ್ಳು ಸಿಕ್ಕಿಸುವ ದುಂಡನೆ ತಲೆ, 100 ಗ್ರಾಂಗೂ ಜಾಸ್ತಿ ಭಾರವನ್ನು ಒಂದು ಉಕ್ಕಿನ ಮುಳ್ಳಿನ ಮೇಲೆ ಹೇರುತ್ತದೆ. ಇವತ್ತಿನ ಕಾರ್ಟ್ರಿಜ್, ಅಂದರೆ ಮುಳ್ಳಿನ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಭಾಗ, ಹೇರುವುದು ಹೆಚ್ಚೆಂದರೆ 5 ಗ್ರಾಂ ಆಸುಪಾಸು.

ಮೊದಲು ನಿಮ್ಮ ಕೈಯಲ್ಲಿರುವುದು ಏನು ಅಂತ ನೋಡಿಕೊಳ್ಳಿ. 1890ರ ದಶಕದ ಕೊನೆಯಿಂದ 1950ರ ದಶಕದವರೆಗಿನ ಹೆಚ್ಚಿನ 78 ಪ್ಲೇಟುಗಳು ಅರಗು ಅಂದರೆ ಶೆಲ್ಯಾಕ್‌ಗೆ ಕಲ್ಲಿನ ನುಣ್ಣನೆ ಪುಡಿ ಬೆರೆಸಿ ಒತ್ತಿದವು. ತೂಕ ಜಾಸ್ತಿ, ಬಗ್ಗುವುದಿಲ್ಲ, ಕೈಜಾರಿದರೆ ಚೂರುಚೂರು. ಕೊನೆಕೊನೆಗೆ ಬಂದ ಕೆಲವು ವಿನೈಲ್‌ನವು, ಅವು ಹಗುರ. ಸುಮಾರು 6 ಮಿಲಿಮೀಟರ್ ದಪ್ಪ ಇದ್ದರೆ ಅದು ಎಡಿಸನ್ ಡೈಮಂಡ್ ಡಿಸ್ಕ್, ಅದರ ದಾರಿಯೇ ಬೇರೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಆಮೇಲೆ ಹೇಳುತ್ತೇನೆ.

ಈಗ ಮುಳ್ಳಿನ ವಿಷಯ. ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲೇ ಮೊದಲು ಮಾಡಿ. ಎಲ್‌ಪಿಗೆ (33 ಸುತ್ತಿನ ವಿನೈಲ್ ಪ್ಲೇಟಿಗೆ) ಬಳಸುವ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 0.7 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು), ಅಂದರೆ 18 ಮೈಕ್ರಾನ್. 78 ಪ್ಲೇಟಿನ ಗೆರೆ ಅದಕ್ಕಿಂತ ತುಂಬಾ ಅಗಲ, ಅದಕ್ಕೆ ಬೇಕಾದದ್ದು ಸುಮಾರು 3 ಮಿಲ್, ಅಂದರೆ 75 ಮೈಕ್ರಾನ್ ಆಸುಪಾಸು. ಎಲ್‌ಪಿ ಮುಳ್ಳನ್ನು ಈ ಗೆರೆಗೆ ಇಳಿಸಿದರೆ ಅದು ಹಾಡು ಕೊರೆದಿರುವ ಎರಡು ಗೋಡೆಗಳ ಮೇಲೆ ಕೂರುವುದಿಲ್ಲ, ನೇರ ತಳಕ್ಕೆ ಹೋಗಿ ಅಲ್ಲಿರುವ ಧೂಳು, ಉಕ್ಕಿನ ಪುಡಿ, ಅರಗಿನ ಚೂರುಗಳ ಮೇಲೆ ಉಜ್ಜಿಕೊಂಡು ಅತ್ತಿತ್ತ ಒದ್ದಾಡುತ್ತಾ ಸಾಗುತ್ತದೆ. ನಿಮಗೆ ಕೇಳಿಸುವ ಕರಕರ ಅದೇ. ಮುಳ್ಳೂ ಹಾಳು, ಕೇಳಿದ್ದೂ ವ್ಯರ್ಥ.

ಒಳ್ಳೆಯ ಸುದ್ದಿ ಏನೆಂದರೆ ಇದಕ್ಕೆ ಹೊಸ ಕಾರ್ಟ್ರಿಜ್ಜೇ ಬೇಕು ಅಂತಿಲ್ಲ. ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಮುಳ್ಳಿನ ಭಾಗ ಮಾತ್ರ ಕಳಚಿ ಬರುತ್ತದೆ. ಆಡಿಯೋ-ಟೆಕ್ನಿಕಾದ ವಿಎಂ95 ಸಾಲಿನದು ನಿಮ್ಮ ಹತ್ತಿರ ಇದ್ದರೆ ಅದೇ ಒಡಲಿಗೆ 78ರ ಮುಳ್ಳು ಹಾಕಬಹುದು. ಆರ್ಟೋಫೋನ್‌ನ 2ಎಂ ಸಾಲಿನಲ್ಲೂ 78ರದ್ದು ಇದೆ. ಹೆಡ್‌ಶೆಲ್ (ತೋಳಿನ ತುದಿಯಲ್ಲಿ ಕಾರ್ಟ್ರಿಜ್ ಕೂರುವ ಭಾಗ) ಕಳಚುವ ತೋಳು ಇರುವವರು ಎರಡು ಹೆಡ್‌ಶೆಲ್ ಇಟ್ಟುಕೊಳ್ಳಿ, ಒಂದರಲ್ಲಿ ಎಲ್‌ಪಿ ಕಾರ್ಟ್ರಿಜ್, ಇನ್ನೊಂದರಲ್ಲಿ 78ರದ್ದು. ಪ್ರತಿ ಸಲ ಬದಲಿಸಿದಾಗಲೂ ತೋಳಿನ ಭಾರ ಹೊಸದಾಗಿ ಹೊಂದಿಸಲೇಬೇಕು. ಎಷ್ಟು ಗ್ರಾಂ ಅನ್ನುವುದನ್ನು ಮುಳ್ಳಿನ ಡಬ್ಬಿಯ ಮೇಲೆ ಬರೆದಿರುತ್ತಾರೆ, ಕೆಲವಕ್ಕೆ 2ಕ್ಕೂ ಕಡಿಮೆ, ಕೆಲವಕ್ಕೆ 5ರ ಹತ್ತಿರ. ಅಂದಾಜಿನ ಮೇಲೆ ಬಿಡಬೇಡಿ, ಚಿಕ್ಕ ತಕ್ಕಡಿ ಬಳಸಿ. ಭಾರ ಕಡಿಮೆಯಾದರೆ ಪ್ಲೇಟಿಗೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಜೋರು ಸ್ವರ ಬಂದಾಗ ಮುಳ್ಳು ಗೆರೆಯಲ್ಲಿ ನೆಗೆದು ನೆಗೆದು ಬೀಳುತ್ತದೆ, ಪೆಟ್ಟು ತಿನ್ನುವುದು ಗೋಡೆ.

ಸವೆದ ಪ್ಲೇಟಿಗೂ ಒಂದು ಉಪಾಯ ಇದೆ, ಇದು ನನಗೆ ತುಂಬಾ ಇಷ್ಟದ್ದು. ಪ್ಲೇಟನ್ನು ದೀಪಕ್ಕೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ. ಚೆನ್ನಾಗಿರುವ ಜಾಗ ಕಪ್ಪಗೆ ಮಿರಮಿರ ಮಿನುಗುತ್ತದೆ, ಸವೆದ ಜಾಗ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಸಾಮಾನ್ಯವಾಗಿ ಹಾಡು ಏರುವ ಕಡೆ. ಹಳೆ ಉಕ್ಕಿನ ಮುಳ್ಳುಗಳು ಗೋಡೆಯ ಒಂದು ಎತ್ತರದಲ್ಲಿ ಮಾತ್ರ ಓಡಾಡಿ ಆ ಪಟ್ಟಿಯನ್ನು ತಿಂದಿರುತ್ತವೆ, ಅದರ ಮೇಲೋ ಕೆಳಗೋ ಗೋಡೆ ಇನ್ನೂ ಹಾಗೇ ಉಳಿದಿರುತ್ತದೆ. 2.5 ಮಿಲ್‌ನ ಮುಳ್ಳು ಸ್ವಲ್ಪ ಕೆಳಗೆ ಕೂರುತ್ತದೆ, 3.5ರದ್ದು ಸ್ವಲ್ಪ ಮೇಲೆ. ಅದೇ ಪ್ಲೇಟು, ಅದೇ ಹಾಡು, ಮುಳ್ಳಿನ ಅಳತೆ ಬದಲಾಯಿಸಿದ್ದಷ್ಟೇ, ಒಡೆದಂತೆ ಕೇಳುತ್ತಿದ್ದ ದನಿ ಒಮ್ಮೆಲೇ ದುಂಡಗೆ ಬರುತ್ತದೆ. ಅದಕ್ಕೇ ಇದರ ಹುಚ್ಚು ಹಿಡಿದವರು ಬೇರೆ ಬೇರೆ ಅಳತೆಯ ಮುಳ್ಳುಗಳನ್ನು ಸಾಲಾಗಿ ಇಟ್ಟುಕೊಂಡಿರುತ್ತಾರೆ. ಶುರು ಮಾಡುವವರಿಗೆ 3 ಮಿಲ್‌ನ ಒಂದು ಸಾಕು.

ಇನ್ನು ವೇಗ. ಟರ್ನ್‌ಟೇಬಲ್ ಕೊಳ್ಳುವಾಗ 78 ಇದೆಯಾ ಅಂತ ನೋಡಿ, ಪಿಚ್ ಹೆಚ್ಚು ಕಡಿಮೆ ಮಾಡುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಯಾಕೆಂದರೆ 78 ಅಂತ ಹೆಸರಿದ್ದ ಮಾತ್ರಕ್ಕೆ ಎಲ್ಲವೂ 78ರಲ್ಲಿ ಓಡುವುದಿಲ್ಲ. ಕರೆಂಟಿನ ಮೋಟಾರು ಬಂದಮೇಲೆ 60 ಹರ್ಟ್ಜ್ ಇರುವ ದೇಶಗಳಲ್ಲಿ 78.26, 50 ಹರ್ಟ್ಜ್ ಇರುವಲ್ಲಿ 77.92 ಅಂತ ಗಟ್ಟಿಯಾಯಿತು. ಅದಕ್ಕೂ ಹಿಂದಿನವು 70ರಿಂದ 80ರ ಆಚೆಗೂ ಎಲ್ಲಾದರೂ ಇರಬಹುದು, ಕೊಲಂಬಿಯಾದ ಹಳೆ ಪ್ಲೇಟುಗಳ ಮೇಲೆ 80 ಅಂತಲೇ ಅಚ್ಚಾಗಿರುತ್ತದೆ. 76ಕ್ಕೂ 80ಕ್ಕೂ ವ್ಯತ್ಯಾಸ ಬರೀ ನಾಲ್ಕು ಸುತ್ತು ಅನಿಸಬಹುದು, ಆದರೆ ಕಿವಿಗೆ ಅದು ಹಾರ್ಮೋನಿಯಂನಲ್ಲಿ ಹೆಚ್ಚು ಕಡಿಮೆ ಒಂದು ಮನೆ ಏರಿಸಿದ ಹಾಗೆ. ಗಂಭೀರ ಗಂಟಲಿನ ಗಾಯಕ ಕೀಚಲಾಗಿ ಕೇಳಿದರೆ ಅವರನ್ನು ದೂರಬೇಡಿ, ವೇಗ ಇಳಿಸಿ ನೋಡಿ. ಪಕ್ಕವಾದ್ಯ ಯಾವ ಶ್ರುತಿಯಲ್ಲಿ ಇರಬಹುದು ಅನ್ನುವುದು ಗೊತ್ತಿದ್ದರೆ ಅದನ್ನು ಹಿಡಿದು ಹೊಂದಿಸಬಹುದು. ನಿಮ್ಮ ಯಂತ್ರ ಸರಿಯಾಗಿ ತಿರುಗುತ್ತಿದೆಯಾ ಅಂತ ನೋಡಲು ಸ್ಟ್ರೋಬ್ ಡಿಸ್ಕ್, ಅಂದರೆ ಸುತ್ತಲೂ ಗೀಟು ಎಳೆದ ತಟ್ಟೆ, ಸಾಕು, 50 ಹರ್ಟ್ಜ್ ದೀಪದ ಕೆಳಗೆ 77 ಗೀಟುಗಳ ಸುತ್ತು ನಿಂತ ಹಾಗೆ ಕಂಡರೆ ಸರಿ, 60 ಹರ್ಟ್ಜ್ ಇರುವಲ್ಲಿ 92 ಗೀಟುಗಳದ್ದು. ಮಿನುಗದ ಎಲ್‌ಇಡಿ ದೀಪದಲ್ಲಿ ಇದು ಕಾಣುವುದಿಲ್ಲ.

78 ಇಲ್ಲದ ಟರ್ನ್‌ಟೇಬಲ್ ಇದ್ದರೆ? ಆಗಲೂ ದಾರಿ ಇದೆ. 45ರಲ್ಲಿ ಓಡಿಸಿ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳಿ, ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವೇಗವನ್ನು 45ರಿಂದ 78ಕ್ಕೆ ಏರಿಸಿ. ಮುಳ್ಳು ಮಾತ್ರ 78ರದ್ದೇ ಇರಬೇಕು. ಸೊಟ್ಟಗಾದ ಪ್ಲೇಟುಗಳಿಗೆ ನನ್ನ ಮಟ್ಟಿಗೆ ಇದೇ ಮೊದಲ ಆಯ್ಕೆ, ನಿಧಾನಕ್ಕೆ ತಿರುಗುವಾಗ ಮುಳ್ಳು ಏರಿಳಿತವನ್ನು ತಾಳಿಕೊಳ್ಳುತ್ತದೆ. ಬಿಸಿ ಮಾಡಿ ನೇರಮಾಡುವ ಸಾಹಸಕ್ಕೆ ಮಾತ್ರ ಕೈಹಾಕಬೇಡಿ.

ತೊಳೆಯುವ ಮುಂಚೆ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ: ಆಲ್ಕೋಹಾಲ್ ಬೇಡ. ಎಲ್‌ಪಿ ಒರೆಸಲು ಮಾರುವ ಎಷ್ಟೋ ದ್ರವಗಳಲ್ಲಿ ಅದು ಇರುತ್ತದೆ, ಅರಗು ಅದರಲ್ಲಿ ಕರಗುತ್ತದೆ, ಹಾಡೂ ಅದರ ಜೊತೆಗೇ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್, ಅದಕ್ಕೆ ಪಾತ್ರೆ ತೊಳೆಯುವ ಸೌಮ್ಯ ದ್ರವದ ಒಂದು ಹನಿ, ಮೆತ್ತನೆ ಬ್ರಷ್, ಇಷ್ಟೇ. ಬ್ರಷ್ಷನ್ನು ಗೆರೆ ಹೋಗುವ ದಿಕ್ಕಿನಲ್ಲೇ ಆಡಿಸಿ, ಅಡ್ಡಡ್ಡ ಬೇಡ. ಲೇಬಲ್ ಒದ್ದೆಯಾಗಬಾರದು. ನೆನೆಹಾಕಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಮತ್ತೊಮ್ಮೆ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಬಿರುಕು ಬಿಟ್ಟವಕ್ಕೆ ನೀರು ತಾಗಿಸದಿರುವುದೇ ಒಳ್ಳೆಯದು, ಕೆಲವು ಪ್ಲೇಟುಗಳ ಒಳಗೆ ಕಾಗದದ ಪದರ ಇರುತ್ತದೆ, ನೀರು ನುಗ್ಗಿದರೆ ಉಬ್ಬುತ್ತದೆ. ತೊಳೆದ ಮೇಲೆ ಮೊದಲ ಸಲ ಹಾಕಿದಾಗ ಮುಳ್ಳಿನ ತುದಿಗೆ ಬೂದು ಬಣ್ಣದ ಹತ್ತಿಯಂಥ ಕೊಳೆ ಅಂಟಿಕೊಂಡರೆ ಗಾಬರಿ ಬೇಡ, ಒರೆಸಿ ಎರಡನೇ ಸಲ ಹಾಕಿ. ಎರಡನೇ ಸಲ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಸ್ವಚ್ಛವಾಗಿ ಕೇಳುತ್ತದೆ.

ಈಗ ಸ್ವಲ್ಪ ತಲೆಕೆಡಿಸಿಕೊಳ್ಳಬೇಕಾದ ಭಾಗ. ಕಾರ್ಟ್ರಿಜ್ಜಿನ ಸಣ್ಣ ಸಂಕೇತವನ್ನು ಆಂಪ್ಲಿಫೈಯರಿಗೆ ತಕ್ಕಂತೆ ಮಾಡುವ ಇವತ್ತಿನ ಫೋನೋ ಪ್ರಿಆಂಪ್‌ಗಳಲ್ಲಿ ಹೆಚ್ಚಿನವು ಆರ್‌ಐಎಎ ಅನ್ನುವ ಮಟ್ಟಕ್ಕೆ ಹೊಂದಿಸಿದವು, ಅದು ಎಲ್ಲರಿಗೂ ಒಂದೇ ಅಂತ ಬಂದದ್ದು 1954ರಲ್ಲಿ. ಅದು 50 ಹರ್ಟ್ಜ್ ಹತ್ತಿರದ ಬೇಸನ್ನು ಸುಮಾರು 17 ಡೆಸಿಬೆಲ್ ಎತ್ತುತ್ತದೆ, 10,000 ಹರ್ಟ್ಜ್ ಹತ್ತಿರದ ಟ್ರೆಬಲ್ಲನ್ನು ಸುಮಾರು 14 ಡೆಸಿಬೆಲ್ ತಗ್ಗಿಸುತ್ತದೆ. ಎಲ್‌ಪಿ ಕೊರೆಯುವಾಗ ಇದಕ್ಕೆ ಉಲ್ಟಾ ಮಾಡಿರುತ್ತಾರೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. 78ರಲ್ಲಿ ಹಾಗೆ ಮಾಡಿರಲಿಲ್ಲವಲ್ಲ, ಅದಕ್ಕೇ ಇವು ಮಂಕಾಗಿ, ಕಂಬಳಿ ಹೊದಿಸಿದಂತೆ ಕೇಳುತ್ತವೆ. 1925ಕ್ಕೂ ಮುಂಚಿನವು ಮೈಕ್ ಇಲ್ಲದೆ, ಕೊಳವೆಯೊಳಗೆ ಹಾಡಿಸಿ ನೇರ ಕೊರೆದವು, ಅವಕ್ಕೆ ಯಾವ ತಿದ್ದುಪಡಿಯೂ ಇರಲಿಲ್ಲ. ಇಂಥವಕ್ಕೆ ಬೇಸನ್ನು ಚೆನ್ನಾಗಿ ಇಳಿಸಿ, ಅಲ್ಲಿ ಇರುವುದು ಗುಡುಗುಡು ಮಾತ್ರ, ಸಂಗೀತ ಇಲ್ಲ. ಟ್ರೆಬಲ್ಲನ್ನು ಸ್ವಲ್ಪ ಏರಿಸಿ. 1925ರ ಆಚೆಯ ಮೈಕ್ ಕಾಲದವಕ್ಕೆ ಬೇಸ್ ಬೇಕು, ಆದರೆ ಆರ್‌ಐಎಎ ಕೊಡುವಷ್ಟಲ್ಲ, ಟ್ರೆಬಲ್ ಇನ್ನೂ ಏರಿಸಬಹುದು. ಕಂಪನಿಗೊಂದು ಅಳತೆ ಇತ್ತು, ಹಾಗಾಗಿ ಒಂದೇ ಸೂತ್ರ ಹೇಳಲು ಆಗುವುದಿಲ್ಲ. ಮನುಷ್ಯನ ದನಿ ಸಹಜ ಅನಿಸುವ ಕಡೆ ಗುಂಡಿ ನಿಲ್ಲಿಸಿ, ಅದೇ ಸರಿ. ಇದರಲ್ಲಿ ಇನ್ನೂ ಮುಂದಕ್ಕೆ ಹೋಗುವವರಿಗೆ ಈ ಅಳತೆಗಳನ್ನು ಬದಲಾಯಿಸಬಲ್ಲ ಪ್ರಿಆಂಪ್‌ಗಳೂ ಸಿಗುತ್ತವೆ.

ಕೊಳವೆ ಕಾಲದ್ದೋ ಮೈಕ್ ಕಾಲದ್ದೋ ಅಂತ ಗೊತ್ತಾಗುವುದು ಹೇಗೆ? ಲೇಬಲ್ ಸುತ್ತ ಗೆರೆ ಇಲ್ಲದ ನುಣುಪು ಜಾಗವನ್ನು ಟಾರ್ಚ್ ಹಿಡಿದು ನೋಡಿ. ಅಲ್ಲಿ ಮ್ಯಾಟ್ರಿಕ್ಸ್ ನಂಬರ್, ಅಂದರೆ ಆ ರೆಕಾರ್ಡಿಂಗಿಗೆ ಕಂಪನಿ ಕೊಟ್ಟ ನಂಬರ್, ಇರುತ್ತದೆ. ಎಚ್‌ಎಂವಿ ಪ್ಲೇಟಿನಲ್ಲಿ ಆ ನಂಬರ್ ಆದಮೇಲೆ ಪುಟ್ಟ ತ್ರಿಕೋನ ಕಂಡರೆ ಮೈಕ್ ಇಟ್ಟು ಮಾಡಿದ್ದು. ಅಮೆರಿಕದ ವಿಕ್ಟರ್ ಕಂಪನಿಯದಾದರೆ ಅಂಡಾಕಾರದ ಗೆರೆಯೊಳಗೆ ವಿ, ಇ ಅನ್ನುವ ಇಂಗ್ಲಿಷ್ ಅಕ್ಷರಗಳು. ಇಷ್ಟು ಚಿಕ್ಕ ಗುರುತು ನೋಡಿ ಯಾವ ಗುಂಡಿ ಎತ್ತ ತಿರುಗಿಸಬೇಕು ಅಂತ ಗೊತ್ತಾಗುತ್ತದಲ್ಲ, ಅದು ನನಗೆ ಪ್ರತಿ ಸಲ ಖುಷಿ ಕೊಡುತ್ತದೆ.

ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿ. ಸುಮ್ನೆ ಒಂದು ಗುಂಡಿ, ಆದರೆ ಫಲ ದೊಡ್ಡದು. ಈ ಪ್ಲೇಟುಗಳಲ್ಲಿ ಹಾಡು ಇರುವುದು ಮುಳ್ಳಿನ ಅಡ್ಡ ಚಲನೆಯಲ್ಲಿ ಮಾತ್ರ. ಸ್ಟೀರಿಯೋ ಕಾರ್ಟ್ರಿಜ್ ಮೇಲೆ ಕೆಳಗಿನ ಚಲನೆಯನ್ನೂ ಎತ್ತಿಕೊಳ್ಳುತ್ತದೆ, ಅದರಲ್ಲಿ ಇರುವುದು ಪೂರ್ತಿ ಗಲಾಟೆ. ಎರಡೂ ಚಾನೆಲ್ ಕೂಡಿಸಿದಾಗ ಆ ಪಾಲು ಒಂದಕ್ಕೊಂದು ಹೊಡೆದುಕೊಂಡು ಹೋಗುತ್ತದೆ.

ಪ್ಲೇಟು ಹಾಕುವಾಗ ಕೈಯಿಂದಲೇ ಮುಳ್ಳು ಇಳಿಸಿ, ಆಟೋಮ್ಯಾಟಿಕ್ ಯಂತ್ರವನ್ನು ನಂಬಬೇಡಿ. ತುಂಬಾ ಹಳೆಯವಕ್ಕೆ ಒಳಗೆ ಎಳೆದುಕೊಳ್ಳುವ ಮೊದಲ ಗೆರೆ ಇರುವುದಿಲ್ಲ, ಅಂಚಿನಲ್ಲಿ ಇಟ್ಟರೆ ಜಾರಿ ಕೆಳಗೆ ಬೀಳುತ್ತದೆ. ಗೆರೆ ಶುರುವಾಗುವ ಜಾಗ ನೋಡಿಕೊಂಡೇ ಇಳಿಸಿ. 10 ಇಂಚಿನ ಒಂದು ಬದಿ 3 ನಿಮಿಷದಲ್ಲಿ ಮುಗಿಯುತ್ತದೆ, 12 ಇಂಚಿನದು 4ರಿಂದ 5 ನಿಮಿಷ. ಹಾಗಾಗಿ ಹಿನ್ನೆಲೆಗೆ ಹಾಕಿ ಬೇರೆ ಕೆಲಸ ಮಾಡಿಕೊಳ್ಳಲು ಇದು ಆಗಿಬರುವುದಿಲ್ಲ, ಪಕ್ಕದಲ್ಲೇ ಕೂತು ಕೇಳಬೇಕು. ನಾನಂತೂ ಒಂದು ಬದಿಯನ್ನು ಎರಡು ಸಲ ಕೇಳಿ ಎನ್ನುತ್ತೇನೆ. ಮೊದಲ ಸಲ ಕಿವಿ ಸದ್ದಿಗೆ ಒಗ್ಗಿಕೊಳ್ಳುತ್ತದೆ, ಎರಡನೇ ಸಲ ಸದ್ದು ತಾನೇ ಹಿಂದೆ ಸರಿದು ಹಾಡು ಮುಂದೆ ಬರುತ್ತದೆ.

ಪಕ್ಕಕ್ಕಿಟ್ಟ ಎಡಿಸನ್ ಡಿಸ್ಕಿಗೆ ಬರೋಣ. ಇದರಲ್ಲಿ ಹಾಡು ಅಡ್ಡಕ್ಕಲ್ಲ, ಮೇಲೆ ಕೆಳಗೆ ಕೊರೆದದ್ದು, ವೇಗ 80. ಹಾಗಾಗಿ ಮೋನೋ ಗುಂಡಿ ಒತ್ತಿದರೆ ಹಾಡೇ ಮಾಯ. ಕಾರ್ಟ್ರಿಜ್ಜಿನ ಒಂದು ಚಾನೆಲ್‌ನ ಎರಡು ತಂತಿಗಳನ್ನು ಅದಲುಬದಲು ಮಾಡಿ ಆಮೇಲೆ ಮೋನೋ ಮಾಡಬೇಕು, ಅಥವಾ ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿಕೊಂಡು ತಂತ್ರಾಂಶದಲ್ಲಿ ಒಂದು ಚಾನೆಲ್ ತಲೆಕೆಳಗು ಮಾಡಿ ಕೂಡಿಸಬೇಕು. ಇದಕ್ಕೆ ನೀರು ತಾಗಿಸಲೇಬಾರದು. ಪಾಥೆ ಕಂಪನಿಯ ಹಳೆಯವೂ ಹೀಗೇ ಕೊರೆದವು, ಅವುಗಳಲ್ಲಿ ಕೆಲವು ಒಳಗಿನಿಂದ ಶುರುವಾಗಿ ಹೊರಗೆ ಬರುತ್ತವೆ.

ಪ್ಲೇಟುಗಳನ್ನು ನೇರ ನಿಲ್ಲಿಸಿ ಇಡಿ, ಓರೆಯಾಗಿ ಒರಗಿಸಬೇಡಿ, ಒಂದರ ಮೇಲೊಂದು ಎತ್ತರಕ್ಕೆ ಪೇರಿಸಲೂಬೇಡಿ. ಎತ್ತುವಾಗ ಎರಡೂ ಕೈ.

ಅಪರೂಪದ್ದು ಅನಿಸಿದ ಪ್ಲೇಟನ್ನು ಚೆನ್ನಾಗಿ ತೊಳೆದು ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಸ್ಟೀರಿಯೋದಲ್ಲೇ, 24 ಬಿಟ್ ವೇವ್ ಫೈಲಾಗಿ. ಎಷ್ಟೋ ಸಲ ಗೆರೆಯ ಒಂದು ಗೋಡೆ ಇನ್ನೊಂದಕ್ಕಿಂತ ಚೆನ್ನಾಗಿರುತ್ತದೆ, ಆಗ ಎಡ ಚಾನೆಲ್ಲೋ ಬಲ ಚಾನೆಲ್ಲೋ ಒಂದನ್ನೇ ಆರಿಸಿಕೊಳ್ಳಬಹುದು. ಟಪಟಪ ಸದ್ದು ತೆಗೆಯುವ ತಂತ್ರಾಂಶವನ್ನು ಹಗುರಾಗಿ ಬಳಸಿ, ಜಾಸ್ತಿ ಉಜ್ಜಿದರೆ ಪಿಟೀಲಿನ ಕಮಾನಿನ ಸದ್ದೂ ಹೋಗಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಏನೂ ತಿದ್ದದ ಮೂಲ ಫೈಲನ್ನು ಅಳಿಸಬೇಡಿ. ಅದರ ಹೆಸರಿನಲ್ಲೇ ಮ್ಯಾಟ್ರಿಕ್ಸ್ ನಂಬರ್, ಬಳಸಿದ ಮುಳ್ಳಿನ ಅಳತೆ, ಓಡಿಸಿದ ವೇಗ ಮೂರನ್ನೂ ಬರೆದಿಟ್ಟುಕೊಳ್ಳಿ.